ಮನಸ್ಸು ಬರಲೆಂದು ಕಾಯಬೇಡಿ

ರಕ್ತ ಪರೀಕ್ಷೆಯ ವರದಿಯಲ್ಲಿ ಸಕ್ಕರೆಯ ಪ್ರಮಾಣ ಗಡಿಗೆ ಬಂದು ನಿಂತಿದೆ ಎಂದು ಗೊತ್ತಾದ ದಿನ ನಮಗೆಲ್ಲ ವ್ಯಾಯಾಮದ ನೆನಪಾಗುತ್ತದೆ. ಹೊಸ ಶೂ ಬರುತ್ತದೆ. ನಾಳೆಯಿಂದ ಫಜ್ರ್ ನಮಾಝಿನ ಬಳಿಕ ಒಂದು ಗಂಟೆ ನಡಿಗೆ ಎಂದು ಮನೆಯವರ ಮುಂದೆ ಘೋಷಣೆಯೂ ಆಗುತ್ತದೆ. ಮೊದಲ ವಾರ ಚೆನ್ನಾಗಿಯೇ ಸಾಗುತ್ತದೆ. ಎರಡನೇ ವಾರ ಒಂದು ಮದುವೆ, ಮರುದಿನ ಮಳೆ, ಆಮೇಲೆ ಕಾಲು ನೋವು. ತಿಂಗಳು ತುಂಬುವಷ್ಟರಲ್ಲಿ ಶೂ ಕಪಾಟಿನ ಅಡಿ ಸೇರಿರುತ್ತದೆ. ಕೇಳಿದರೆ, "ಮನಸ್ಸೇ ಬರುವುದಿಲ್ಲ" ಎನ್ನುತ್ತೇವೆ.

ಮನಸ್ಸು ಬರದಿರುವುದು ಸಹಜ. ಅದು ಬರಲೆಂದು ಕಾಯುವುದೇ ತಪ್ಪು. ಮಳೆಗಾಲದ ಮುಂಜಾವದಲ್ಲಿ ಹೊದಿಕೆ ಸರಿಸಿ ಏಳಲು ಯಾರಿಗೂ ಉತ್ಸಾಹ ಉಕ್ಕುವುದಿಲ್ಲ. ಆದರೂ ಅಝಾನ್ ಕೇಳಿದಾಗ ಏಳುತ್ತೇವೆ. ಸಮಯ ಮೊದಲೇ ನಿಗದಿಯಾಗಿದೆ, "ಇವತ್ತು ಮಾಡಲೋ ಬೇಡವೋ" ಎಂಬ ಚರ್ಚೆಗೆ ಅಲ್ಲಿ ಜಾಗವಿಲ್ಲ. ವ್ಯಾಯಾಮಕ್ಕೂ ಹೀಗೊಂದು ಗೊತ್ತಾದ ಸಮಯ ಬೇಕು. ದಿನಕ್ಕೆ ಐದು ಬಾರಿ ಸಮಯ ಪಾಲಿಸಿ ರೂಢಿಯಿರುವ ನಮಗೆ ಇದು ಇತರರಿಗಿಂತ ಸುಲಭವಾಗಬೇಕಿತ್ತು!

ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂದು ಪ್ರವಾದಿ(ಸ) ಕಲಿಸಿದ್ದನ್ನು ಹ. ಆಇಶಾ(ರ) ವರದಿ ಮಾಡಿದ್ದಾರೆ. ದಿನವೂ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ಹೊರಟಿದ್ದ ಅಬ್ದುಲ್ಲಾಹ್ ಬಿನ್ ಅಮ್ರ್(ರ)ರಿಗೆ, ನಿಮ್ಮ ಶರೀರಕ್ಕೂ ನಿಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿ(ಸ) ನೆನಪಿಸಿದರು. ಅವರು ಇನ್ನೂ ಹೆಚ್ಚು ಮಾಡಬಲ್ಲೆ ಎಂದು ಕೇಳಿಕೊಂಡು ಭಾರವಾದದ್ದನ್ನೇ ಆರಿಸಿಕೊಂಡರು. ವೃದ್ಧಾಪ್ಯದಲ್ಲಿ ಅದು ಕಷ್ಟವಾದಾಗ, ಅಂದು ಆ ರಿಯಾಯಿತಿಯನ್ನು ಒಪ್ಪಿಕೊಳ್ಳಬೇಕಿತ್ತು ಎಂದು ಹಳಹಳಿಸಿದರು. ಮೊದಲ ದಿನವೇ ಒಂದು ಗಂಟೆ ನಡೆಯಲು ಹೊರಡುವವರು ಈ ಘಟನೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಅಭ್ಯಾಸ ಹೇಗೆ ಬೇರೂರುತ್ತದೆ ಎಂದು ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಗಮನಿಸಿದ್ದರು. 2010ರಲ್ಲಿ ಅಚ್ಚಾದ ಆ ಅಧ್ಯಯನದ ಪ್ರಕಾರ, ಹೊಸ ರೂಢಿಯೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾಗಬಹುದೆಂಬ ಅಂದಾಜು ಬಂತು. ಒಂದು ಗ್ಲಾಸು ನೀರು ಕುಡಿಯುವಂಥ ರೂಢಿ ಬೇಗ ಅಂಟಿಕೊಂಡಿತು, ವ್ಯಾಯಾಮ ತಡವಾಯಿತು. ಎರಡನೇ ವಾರದಲ್ಲಿ ನಿಮಗೆ ಬೇಸರ ಬಂದರೆ ಅದು ಆಶ್ಚರ್ಯವಲ್ಲ, ರೂಢಿ ಇನ್ನೂ ಹುಟ್ಟಿಲ್ಲ ಅಷ್ಟೆ. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ಹಾನಿಯಾಗಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ. ಮದುವೆ ಮನೆಯಿಂದ ಬಂದ ಮರುದಿನ ಹತ್ತು ನಿಮಿಷವಾದರೂ ನಡೆದುಬಿಡಿ.

ಆ ಅಧ್ಯಯನದಲ್ಲಿದ್ದವರು ಹೊಸ ಕೆಲಸವನ್ನು ದಿನವೂ ನಡೆಯುವ ಇನ್ನೊಂದು ಕೆಲಸದ ಬೆನ್ನಿಗೆ ಕಟ್ಟಿಕೊಂಡಿದ್ದರು. ನಮಗೆ ಅಂತಹ ಗೂಟಗಳು ಬೇಕಾದಷ್ಟಿವೆ. ಫಜ್ರ್‌ಗೆ ಮಸೀದಿಗೆ ಹೋದ ಪುರುಷರು ಬೈಕನ್ನು ಮನೆಯಲ್ಲಿ ಬಿಟ್ಟು, ಮರಳುವಾಗ ದೂರದ ದಾರಿ ಹಿಡಿಯಬಹುದು. ಅಂಗಡಿಯಲ್ಲಿ ಇಡೀ ದಿನ ಕೂರುವವರು ಅಸ್ರ್ ನಮಾಝಿಗೆ ನಡೆದೇ ಹೋಗಲಿ. ಗೃಹಿಣಿಯರಿಗೆ ಮಕ್ಕಳು ಮದ್ರಸಕ್ಕೆ ಹೊರಟ ಕೂಡಲೇ ಸಿಗುವ ಇಪ್ಪತ್ತು ನಿಮಿಷ ಪ್ರಶಸ್ತ. ಅದನ್ನು ಮೊಬೈಲ್ ನುಂಗುವ ಮೊದಲು ನೀವು ತೆಗೆದುಕೊಳ್ಳಿ. ಹೊರಗೆ ನಡೆಯಲು ಅನುಕೂಲವಿಲ್ಲದಿದ್ದರೆ ತಾರಸಿ ಇದೆ, ಮೆಟ್ಟಿಲಿದೆ. ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದೇಹವನ್ನು ಮುಂದೆ ತಂದು ಹಿಂದಕ್ಕೆ ತಳ್ಳುವುದು, ಇವೆರಡಕ್ಕೆ ಒಂದು ರೂಪಾಯಿಯೂ ಬೇಡ.

ಇಲ್ಲಿ ಎರಡು ಮಾತು ಸಾಮಾನ್ಯವಾಗಿ ಬರುತ್ತವೆ. ಒಂದು, "ಐದು ಹೊತ್ತಿನ ನಮಾಝೇ ವ್ಯಾಯಾಮವಲ್ಲವೇ?" ನಮಾಝ್ ಇಬಾದತ್. ರುಕೂಅ್, ಸುಜೂದ್‌ಗಳಿಂದ ಕೀಲುಗಳಿಗೆ ಚಲನೆ ಸಿಗುತ್ತದೆ, ನಿಜ. ಆದರೆ ಹೃದಯದ ಬಡಿತ ಏರಿ ಮೈ ಬಿಸಿಯಾಗುವಷ್ಟು ಶ್ರಮ ಅದರಲ್ಲಿಲ್ಲ, ಅದರ ಉದ್ದೇಶವೂ ಅದಲ್ಲ. ಇನ್ನೊಂದು, "ದಿನವಿಡೀ ಮನೆಗೆಲಸ ಮಾಡುತ್ತೇನೆ." ಅಂಗಳ ಗುಡಿಸುವುದು, ನೀರು ಸೇದುವುದು, ಬಟ್ಟೆ ಒಗೆಯುವುದು ಲೆಕ್ಕಕ್ಕಿದೆ. ಗಂಟೆಗಟ್ಟಲೆ ಒಲೆಯ ಮುಂದೆ ನಿಂತು ಪತ್ತಿರಿ ಬೇಯಿಸುವುದರಿಂದ ಕಾಲು ಸೋಲುತ್ತದೆಯೇ ಹೊರತು ಹೃದಯಕ್ಕೆ ವ್ಯಾಯಾಮ ಸಿಗುವುದಿಲ್ಲ. ಪರೀಕ್ಷೆ ಸರಳ: ಮಾತಾಡಬಹುದು, ಹಾಡಲು ಉಸಿರು ಸಾಲದು ಎನ್ನುವಷ್ಟು ಶ್ರಮವಾದರೆ ಅದು ವ್ಯಾಯಾಮ. ಹೀಗೆ ವಾರಕ್ಕೆ ಕನಿಷ್ಠ 150 ನಿಮಿಷ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಚಟುವಟಿಕೆ ವಯಸ್ಕರಿಗೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿಗೆ ಮೊದಲ ತಿಂಗಳೇ ತಲುಪಬೇಕೆಂದಿಲ್ಲ.

ತಲುಪಿದರೆ ಏನು ಲಾಭ? ಚೆನ್ನೈಯ ವೈದ್ಯರು ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟ ತಿದ್ದಿಕೊಂಡು ನಡಿಗೆ ರೂಢಿಸಿಕೊಂಡವರಲ್ಲಿ ಮಧುಮೇಹ ತಗಲುವ ಅಪಾಯ ಶೇ. 28.5ರಷ್ಟು ತಗ್ಗಿತ್ತು. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ತೂಕ ಇಳಿಯದಿದ್ದರೂ ಈ ಕೆಲಸ ನಡೆಯುತ್ತಲೇ ಇರುತ್ತದೆ. ತಕ್ಕಡಿಯ ಮುಳ್ಳು ಕದಲಲಿಲ್ಲವೆಂದು ನಿಲ್ಲಿಸಿಬಿಡುವವರು ಇದನ್ನು ತಿಳಿದಿರಬೇಕು. ತುಪ್ಪದನ್ನ, ಬಿರಿಯಾನಿ ಉಂಡ ದಿನ ಮಲಗುವ ಮೊದಲು ಹದಿನೈದು ನಿಮಿಷ ಅಂಗಳದಲ್ಲಿ ನಡೆದರೂ ಸಕ್ಕರೆಯ ಏರಿಕೆ ತಗ್ಗುತ್ತದೆ.

ಜೊತೆಗೊಬ್ಬರಿದ್ದರೆ ರೂಢಿ ಬೇಗ ನಿಲ್ಲುತ್ತದೆ. ಪ್ರವಾದಿ(ಸ) ಪತ್ನಿ ಆಇಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ್ದರು. ಮೊದಲು ಗೆದ್ದವರು ಆಇಶಾ(ರ). ಕಾಲಾನಂತರ ಅವರ ಮೈ ತುಂಬಿದ ಮೇಲೆ ಪ್ರವಾದಿ(ಸ) ಗೆದ್ದು, ಅಂದಿನದಕ್ಕೆ ಇದು ಸರಿಹೋಯಿತು ಎಂದು ತಮಾಷೆ ಮಾಡಿದರು. ನಮ್ಮಲ್ಲಿ ಎಷ್ಟು ದಂಪತಿಗಳು ಜೊತೆಯಾಗಿ ನಡೆಯಲು ಹೋಗುತ್ತಾರೆ? ಹೆಣ್ಣು ಮಕ್ಕಳ ವಿಷಯದಲ್ಲಂತೂ ನಾವು ಅನ್ಯಾಯವನ್ನೇ ಮಾಡುತ್ತಿದ್ದೇವೆ. ಹನ್ನೆರಡು ತುಂಬುತ್ತಲೇ ಅವರ ಆಟ ನಿಲ್ಲಿಸುತ್ತೇವೆ. ಮೂಳೆ ಗಟ್ಟಿಯಾಗುವ ವಯಸ್ಸು ಅದೇ. ಪರ್ದಾದ ಚೌಕಟ್ಟಿನೊಳಗೇ ಹಿತ್ತಲಿನಲ್ಲಿ ಶಟಲ್, ಹಗ್ಗ ಜಿಗಿತಕ್ಕೆ ಏನು ಅಡ್ಡಿ? ತಾಯಿಯೂ ಜೊತೆಗೆ ಆಡಲಿ.

ಎದೆನೋವು, ನಡೆದಾಗ ಅತಿಯಾದ ಏದುಸಿರು ಇರುವವರು ವೈದ್ಯರನ್ನು ಕಂಡ ಬಳಿಕವೇ ಆರಂಭಿಸಿ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಕಿಸೆಯಲ್ಲಿ ನಾಲ್ಕು ಸಕ್ಕರೆ ಮಿಠಾಯಿ ಇಟ್ಟುಕೊಳ್ಳಬೇಕು. ಕೈ ನಡುಗಿ ಬೆವರಿದರೆ ಕೂಡಲೇ ಕುಳಿತು ತಿನ್ನಿ. ಬರಿಗಾಲಲ್ಲಿ ನಡೆಯಬೇಡಿ, ಮರಳಿ ಬಂದು ಪಾದಗಳನ್ನು ನೋಡಿಕೊಳ್ಳಿ. ರಮಝಾನಿನಲ್ಲಿ ಬಿಸಿಲಿನ ಹೊತ್ತು ಬೇಡ. ತರಾವೀಹ್ ಮುಗಿಸಿ ನೀರು ಕುಡಿದು ನಡೆಯಿರಿ, ಅರ್ಧ ಹೊತ್ತಾದರೂ ಸಾಕು. ಈದ್‌ನ ಮರುದಿನ ಹಳೆಯ ಸಮಯಕ್ಕೆ ಮರಳಿ.