ಯುದ್ಧಗಳು ನಿಂತುಹೋಗುವವೋ?

ಓದತಕ್ಕ ಭಾಗಗಳು: ಯೆಶಾಯ 2:1–4, ಯಾಕೋಬ 4:1–3.

ಮನುಷ್ಯರು ಯುದ್ಧವನ್ನು ಭೂಮಿಯಿಂದ ತೊಲಗಿಸಬಲ್ಲರೋ? ಯೂರೋಪ್ ಖಂಡದ ಎರಡು ನೆರೆದೇಶಗಳ ಚರಿತ್ರೆಯಿಂದ ಇದನ್ನು ವಿಚಾರಿಸೋಣ.

1. ವೈರವು. ಫ್ರಾನ್ಸ್ ಮತ್ತು ಜರ್ಮನಿ ದೇಶಗಳು 1870, 1914, 1939ನೇ ಇಸವಿಗಳಲ್ಲಿ ಒಂದಕ್ಕೊಂದು ಎದುರಾಗಿ ಯುದ್ಧಕ್ಕೆ ನಿಂತವು. ನಡುವಣ ಅಲ್ಸಾಸ್ ಸೀಮೆಯು 1871ರಿಂದ 1945ರೊಳಗೆ ನಾಲ್ಕು ಸಾರಿ ಒಡೆಯರನ್ನು ಬದಲಾಯಿಸಿತು. ಅಜ್ಜನು ಹುಟ್ಟಿದ ಮನೆಯಲ್ಲಿಯೇ ಮಗನು ಬೇರೊಂದು ದೇಶದ ಪ್ರಜೆಯಾಗಿ ಹುಟ್ಟಿದನು.

2. ಪ್ರತಿಜ್ಞೆಯು. 1928ನೇ ಆಗಸ್ಟ್ 27ರಲ್ಲಿ ಪಾರಿಸ್ ಪಟ್ಟಣದಲ್ಲಿ ಹದಿನೈದು ರಾಜ್ಯಗಳು, ವ್ಯಾಜ್ಯ ತೀರಿಸುವದಕ್ಕೆ ಇನ್ನು ಯುದ್ಧಮಾಡೆವೆಂದು ಒಡಂಬಡಿಕೆಗೆ ರುಜು ಹಾಕಿದವು. ಜರ್ಮನಿ, ಜಪಾನ್, ಇಟಲಿಗಳ ಸಂಗಡ ಇಂಡಿಯಾ ದೇಶದ ಹೆಸರೂ ಅದರಲ್ಲಿತ್ತು. ಆದರೆ 1931ರಲ್ಲಿ ಜಪಾನಿನವರು ಮಂಚೂರಿಯದ ಮೇಲೆ ಬಿದ್ದರು. 1939ರಲ್ಲಿ ಜರ್ಮನಿಯವರು ಪೋಲಂಡಿನೊಳಗೆ ನುಗ್ಗಿದರು. ಯಾಕಂದರೆ ಬಾಯಿ ಆಣೆಯಿಟ್ಟಿತು. ಕತ್ತಿಯು ಅವರವರ ಸೊಂಟದಲ್ಲಿಯೇ ಉಳಿಯಿತು.

3. ಕಾರ್ಯವು. 1950ನೇ ಮೇ 9ರಲ್ಲಿ ಫ್ರಾನ್ಸಿನ ಮಂತ್ರಿಗಳಾದ ರೊಬೇರ್ ಶೂಮನ್ ಎಂಬವರು ಬೇರೊಂದು ದಾರಿಯನ್ನು ಸೂಚಿಸಿದರು. ಉಕ್ಕಿಲ್ಲದೆ ಫಿರಂಗಿಯಿಲ್ಲ, ಕಲ್ಲಿದ್ದಲಿಲ್ಲದೆ ಉಕ್ಕಿಲ್ಲ. ಆದದರಿಂದ ಎರಡು ದೇಶಗಳ ಕಲ್ಲಿದ್ದಲನ್ನೂ ಉಕ್ಕನ್ನೂ ಒಂದೇ ಅಧಿಕಾರದ ಕೆಳಗೆ ಇಟ್ಟರೆ, ಒಬ್ಬರಿಗೆ ತಿಳಿಯದಂತೆ ಮತ್ತೊಬ್ಬರು ಯುದ್ಧಸನ್ನಾಹ ಮಾಡುವದು ಕಷ್ಟವಾಗುವದು. 1951ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ ಮೊದಲಾದ ಆರು ದೇಶಗಳು ಇದಕ್ಕೆ ಒಪ್ಪಿದವು. ಬೇರೆ ಕಾರಣಗಳೂ ಉಂಟು. ಆದರೂ 1945ರಿಂದ ಈವರೆಗೆ ಆ ಇಬ್ಬರೊಳಗೆ ಯುದ್ಧವಾಗಲಿಲ್ಲ.

4. ಉಳಿದ ಬೇರು. ಹಾಗಾದರೆ ಯುದ್ಧವೇ ಸತ್ತಿತೋ? ಇಲ್ಲ. ಅದೇ ಫ್ರಾನ್ಸ್ 1954ರಿಂದ 1962ರ ವರೆಗೆ ಆಲ್ಜೀರಿಯದಲ್ಲಿ ಯುದ್ಧ ನಡಿಸಿತು. 2022ರಲ್ಲಿ ರಷ್ಯದ ದಂಡು ಯುಕ್ರೇನಿನೊಳಗೆ ನುಗ್ಗಿತು. ಕಲಹದ ಬೇರು ಮನುಷ್ಯನ ಆಶೆಗಳಲ್ಲಿದೆಯೆಂದು ಯಾಕೋಬನು ತೋರಿಸುತ್ತಾನೆ. ಆ ಬೇರನ್ನು ಯಾವ ಒಡಂಬಡಿಕೆಯೂ ಕೀಳಲಾರದು. ಸಕಲ ಯುದ್ಧಗಳ ಅಂತ್ಯವು ದೇವರ ವಾಗ್ದಾನವಾಗಿದೆ. ಆದರೆ ಆ ದಿನ ಬರಲೆಂದು ಕೈಕಟ್ಟಿ ಕೂತಿರುವದು ನಂಬಿಕೆಯಲ್ಲ, ಸೋಮಾರಿತನವೇ. ಎಲ್ಲಾ ಯುದ್ಧಗಳನ್ನು ನಿಲ್ಲಿಸಲಾರದ ಮನುಷ್ಯರು ಒಂದು ವೈರವನ್ನು ಕೊನೆಗಾಣಿಸಬಲ್ಲರು.

5. ನಮಗೆ ಬುದ್ಧಿವಾದ. ಕೆರೆಯ ನೀರಿಗಾಗಿ ಹೊಡೆದಾಡಿದ ಎರಡು ಮನೆಯವರಿಗೆ ಹಿರಿಯರು ಸಮಾಧಾನ ಹೇಳಿ ಕಳುಹಿಸಿದರೆ ಸಾಲದು. ಮುಂದಿನ ಬೇಸಿಗೆಯಲ್ಲಿ ಜಗಳವು ತಿರಿಗಿ ಏಳುವದು. ತೂಬನ್ನು ತೆರೆಯುವ ಸರದಿಯನ್ನು ಇಬ್ಬರೂ ಕೂಡಿ ನೋಡಿಕೊಳ್ಳುವಂತೆ ಏರ್ಪಡಿಸಿರಿ.

ಆಲೋಚಿಸತಕ್ಕ ಪ್ರಶ್ನೆ: ನಿನಗೂ ನಿನ್ನ ನೆರೆಯವನಿಗೂ ಇರುವ ವೈರದಲ್ಲಿ, ನೀನು ನಿನ್ನ ಕೈಯಲ್ಲಿಯೇ ಬಿಗಿಹಿಡಿದುಕೊಂಡಿರುವದು ಯಾವದು?