ಕಾಫಿ ಚರಟ: ತೋಟದ ಮಣ್ಣಿಗೆ ಹಾಕುವ ಮುನ್ನ

ಬೆಂಗಳೂರಿನ ದಕ್ಷಿಣ ಭಾಗದ ಜಯನಗರ, ಜೆ.ಪಿ. ನಗರ, ಬನಶಂಕರಿ ಬಡಾವಣೆಗಳ ದರ್ಶಿನಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಡಿಕಾಕ್ಷನ್ ಇಳಿಯುತ್ತಲೇ ಇರುತ್ತದೆ. ಉಳಿಯುವ ಚರಟ ಬಹುಪಾಲು ಕಸದ ಪಾಲಾಗುತ್ತದೆ. ಕನಕಪುರ ರಸ್ತೆ, ಆನೇಕಲ್ ಕಡೆಯಿಂದ ಸೊಪ್ಪು, ತರಕಾರಿ, ಹೂವು ತಂದು ಮಾರುವ ರೈತ ಬಾಂಧವರು ಇದನ್ನು ಕೊಂಡೊಯ್ದು ಒಳ್ಳೆಯ ಗೊಬ್ಬರ ಮಾಡಿಕೊಳ್ಳಬಹುದು. ಆದರೆ ಹಸಿ ಚರಟವನ್ನೇ ಮಣ್ಣಿಗೆ ಬೆರೆಸಿದರೆ ಬೆಳೆಗೆ ಹಾನಿಯುಂಟು.

ಚರಟದಲ್ಲಿ ಏನಿದೆ?

ಒಣಗಿದ ಶುದ್ಧ ಕಾಫಿ ಚರಟದಲ್ಲಿ ಸುಮಾರು ಶೇ. 2ರಷ್ಟು ಸಾರಜನಕವಿದೆ, ರಂಜಕ ಮತ್ತು ಪೊಟ್ಯಾಷ್ ಅಲ್ಪ. ಹೋಟೆಲಿನ ಚರಟ ಒದ್ದೆಯಾಗಿರುತ್ತದೆ. 100 ಕಿಲೋದಲ್ಲಿ 60 ಕಿಲೋ ನೀರೆಂದು ಹಿಡಿದರೆ, ಉಳಿದ 40 ಕಿಲೋದಿಂದ ದೊರೆಯುವ ಸಾರಜನಕ 800 ಗ್ರಾಂ. ಇದು ಸುಮಾರು ಒಂದೂಮುಕ್ಕಾಲು ಕಿಲೋ ಯೂರಿಯಾಕ್ಕೆ ಸಮ. ನಮ್ಮಲ್ಲಿ ಕಾಫಿಪುಡಿಗೆ ಚಿಕೋರಿ ಬೆರೆಸುವ ವಾಡಿಕೆಯಿರುವುದರಿಂದ ಈ ಪ್ರಮಾಣ ಇನ್ನೂ ಇಳಿಯುತ್ತದೆ. ಆದುದರಿಂದ ಚರಟಕ್ಕೆಂದೇ ಗಾಡಿ ಬಾಡಿಗೆ ತೆರುವುದು ಲಾಭದಾಯಕವಲ್ಲ. ಖಾಲಿ ಹಿಂದಿರುಗುವ ವಾಹನದಲ್ಲಿ ತರುವುದೇ ಲೇಸು. ಸಾವಯವ ಪದಾರ್ಥ ಕಡಿಮೆಯಿರುವ ನಮ್ಮ ಕೆಂಪು ಮಣ್ಣಿಗೆ ತೇವ ಹಿಡಿಯುವ ಶಕ್ತಿ ಕೊಡುವುದೇ ಇದರ ಮುಖ್ಯ ಪ್ರಯೋಜನ.

ನೇರವಾಗಿ ಏಕೆ ಹಾಕಬಾರದು?

ಚರಟದಲ್ಲಿ ಉಳಿದ ಕೆಫೀನ್ ಮತ್ತು ಒಗರಿನ ಅಂಶಗಳು ಬೀಜ ಮೊಳೆಯುವುದನ್ನೂ ಎಳೆಯ ಬೇರನ್ನೂ ತಡೆಯುತ್ತವೆ. ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೂ ಬಳಸಿಕೊಳ್ಳುತ್ತವೆ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹಸಿ ಚರಟ ಬೆರೆಸಿದ ಮಣ್ಣು ಹೆಚ್ಚು ನೀರು ಹಿಡಿದರೂ ಮೂಲಂಗಿ, ಸೂರ್ಯಕಾಂತಿ ಮೊದಲಾದ ಗಿಡಗಳ ಬೆಳವಣಿಗೆ ಕುಂಠಿತವಾಯಿತು. ಮಣ್ಣಿನ ಮೇಲೆ ದಪ್ಪಗೆ ಹರಡಿದರೆ ಚರಟ ಒಣಗಿ ಹೆಪ್ಪುಗಟ್ಟಿ, ನೀರು ಕೆಳಗಿಳಿಯುವುದಿಲ್ಲ.

ಚರಟ ಬಹಳ ಹುಳಿ ಎಂಬ ನಂಬಿಕೆ ಸರಿಯಲ್ಲ. ಹುಳಿಯ ಹೆಚ್ಚಿನ ಭಾಗ ಡಿಕಾಕ್ಷನ್ನಿಗೇ ಇಳಿದಿರುತ್ತದೆ. ಚರಟ ಹಾಕಿದಿರೆಂದು ಸುಣ್ಣ ಹಾಕಬೇಡಿ. ಮಣ್ಣು ಪರೀಕ್ಷೆ ಮಾಡಿಸಿಯೇ ನಿರ್ಧರಿಸಿ.

ಕಾಂಪೋಸ್ಟ್ ಮಾಡುವ ಕ್ರಮ

1. ನೆರಳಿನಲ್ಲಿ, ನೀರು ನಿಲ್ಲದ ಕಡೆ ಮೂರು ಅಡಿ ಆಳದ ಗುಂಡಿ ತೆಗೆಯಿರಿ.

2. ಒಣ ಎಲೆ ಅಥವಾ ಕತ್ತರಿಸಿದ ಹುಲ್ಲು ಮೂರು ಬುಟ್ಟಿ, ಹಸಿ ಸಗಣಿ ಒಂದು ಬುಟ್ಟಿ, ಚರಟ ಒಂದು ಬುಟ್ಟಿ, ಹೀಗೆ ಪದರಪದರವಾಗಿ ತುಂಬಿರಿ. ಚರಟ ಐದನೆಯ ಒಂದು ಭಾಗವನ್ನು ಮೀರಬಾರದು.

3. ಹಿಡಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಅಷ್ಟು ತೇವವಿರಲಿ.

4. ಹದಿನೈದು ದಿನಗಳಿಗೊಮ್ಮೆ ಮಗುಚಿ ಹಾಕಿರಿ. ಸುಮಾರು ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಕಪ್ಪಾಗಿ, ಮಣ್ಣಿನ ವಾಸನೆ ಬರುತ್ತದೆ.

ಪರೀಕ್ಷಿಸಿ ಬಳಸಿ

ಒಂದು ಕುಂಡದಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಈ ಗೊಬ್ಬರ ಬೆರೆಸಿದ ಅದೇ ಮಣ್ಣು ತುಂಬಿ, ತಲಾ 10 ಹೆಸರುಕಾಳು ಬಿತ್ತಿರಿ. ಎರಡರಲ್ಲೂ ಮೊಳಕೆ ಸಮನಾಗಿ ಬಂದರೆ ಗೊಬ್ಬರ ಹದವಾಗಿದೆ. ಇಲ್ಲವಾದರೆ ಇನ್ನೊಂದು ತಿಂಗಳು ಕೊಳೆಯಲು ಬಿಡಿ. ಈ ಪರೀಕ್ಷೆಗೆ ಮುನ್ನ ಸಸಿಮಡಿಗೆ ಹಾಕಲೇಬೇಡಿ.

ಎಚ್ಚರಿಕೆ: ಕೆಫೀನ್ ನಾಯಿಗಳಿಗೆ ವಿಷ. ಚರಟದ ರಾಶಿಯನ್ನು ಮುಚ್ಚಿಡಿ. ದನಗಳ ಮೇವಿಗೂ ಬೆರೆಸಬೇಡಿ. ಒದ್ದೆ ಚರಟಕ್ಕೆ ಬೇಗನೆ ಬೂಷ್ಟು ಹಿಡಿಯುವುದರಿಂದ, ತಂದ ದಿನವೇ ಗುಂಡಿಗೆ ಸೇರಿಸುವುದು ಉತ್ತಮ.