ಹಳೇ ಟೇಪಿನ ಗದ್ದಲ ತೆಗೆಯೋದು ಹೇಗೆ?

1970ರ ಆಗಸ್ಟ್ 23ರ ರಾತ್ರಿ, ನ್ಯೂಯಾರ್ಕಿನ ಮ್ಯಾಕ್ಸಸ್ ಕ್ಯಾನ್ಸಸ್ ಸಿಟಿ ಕ್ಲಬ್ಬಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡ್ ಹಾಡ್ತಿತ್ತು. ಪಂಕ್ ಸಂಗೀತಕ್ಕೆ ದಾರಿ ಮಾಡಿಕೊಟ್ಟ ಬ್ಯಾಂಡ್ ಇದು. ಬ್ರಿಜಿಡ್ ಪೋಕ್ ಎಂಬಾಕೆ ಪುಟ್ಟ ಕ್ಯಾಸೆಟ್ ರೆಕಾರ್ಡರಲ್ಲಿ ಅದನ್ನ ಹಿಡಿದರು. ಆ ರಾತ್ರಿ ಮುಗಿದ ಮೇಲೆ ಲೂ ರೀಡ್ ಬ್ಯಾಂಡನ್ನೇ ಬಿಟ್ಟರು. ಹಾಗಾಗಿ 1972ರಲ್ಲಿ ಆ ಟೇಪೇ ಮಾನೋದಲ್ಲಿ ರೆಕಾರ್ಡಾಗಿ ಬಂತು.

ಹಾಡುಗಳ ನಡುವೆ ಕವಿ ಜಿಮ್ ಕ್ಯಾರೊಲ್ ಡ್ರಿಂಕ್ ಆರ್ಡರ್ ಮಾಡೋದೂ ಕೇಳುತ್ತೆ! ಫಿಲ್ಟರ್ ಹಾಕಿ ತೆಗೀಬಹುದಲ್ವಾ? ಕಷ್ಟ. ಟೇಪಿನ ಹಿಸ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಹಾಡಿಲ್ಲದ ಕಡೆ ಅದರ ಸ್ಪೆಕ್ಟ್ರಮ್ ಅಳೆದು, ಉಳಿದ ಕಡೆ ಅಷ್ಟನ್ನ ಇಳಿಸಬಹುದು. ಆದ್ರೆ ಮಾತು, ಹಾಡು ಎರಡೂ ಒಂದೇ ಫ್ರೀಕ್ವೆನ್ಸಿ ಬ್ಯಾಂಡಿನವು. ಮಾತನ್ನ ಕತ್ತರಿಸಿದ್ರೆ ಹಾಡಿಗೂ ಗಾಯ.

ಇನ್ನೊಂದು ತಲೆನೋವು ವೇಗ. ರೆಕಾರ್ಡ್ ಮಾಡುವಾಗ ಬ್ಯಾಟರಿ ಇಳಿದು ಮೋಟರ್ ನಿಧಾನವಾಗಿದ್ರೆ, ಆಮೇಲೆ ಸರಿಯಾದ ವೇಗದಲ್ಲಿ ಕೇಳಿದಾಗ ಶ್ರುತಿ ಏರಿರುತ್ತೆ. ಅಮೆರಿಕದ ಟೇಪುಗಳಲ್ಲಿ ಕೆಲವು ಸಲ ಕರೆಂಟಿನ 60 ಹರ್ಟ್ಸ್ ಹಮ್ ಸೇರಿಕೊಂಡಿರುತ್ತೆ. ಅದು 62 ಅಂತ ಕಂಡ್ರೆ ಟೇಪು ಸುಮಾರು 3.3% ಜೋರಾಗಿ ಓಡ್ತಿದೆ ಅಂತರ್ಥ, ಅಂದ್ರೆ ಅರ್ಧ ಸೆಮಿಟೋನಿಗಿಂತ ತುಸು ಜಾಸ್ತಿ. ಗುಂಯ್ ಅನ್ನೋ ಕಾಟವೇ ಇಲ್ಲಿ ಅಳತೆಗೋಲು!

ಬ್ಲೂಸ್ ಗಾಯಕ ಸನ್ ಹೌಸ್ 1964ರಲ್ಲಿ ಇಂಡಿಯಾನಾದ ವಾಬಾಶ್ ಕಾಲೇಜಲ್ಲಿ ಹಾಡಿದ ಟೇಪು ರೆಕಾರ್ಡಾಗಿದ್ದು 2022ರಲ್ಲಿ. ಒಬ್ಬರೇ, ಒಂದೇ ಗಿಟಾರು. ಇಂಥದ್ದರಲ್ಲಿ ಸ್ವಲ್ಪ ಹಿಸ್ ಇರಲಿ ಅಂತೀನಿ ನಾನು. ಜಾಸ್ತಿ ಉಜ್ಜಿದ್ರೆ, ತಂತಿ ಮೇಲೆ ಸ್ಲೈಡ್ ಜಾರುವಾಗಿನ ಕಿರುಗುಟ್ಟೋ ಸದ್ದೂ ಅದರ ಜೊತೆ ಹೋಗಿಬಿಡುತ್ತೆ.